ಟಾನ್ಸಿಲ್ ತೆಗೆಯುವ ತೀರ್ಮಾನ: ರೋಗದ ಲೆಕ್ಕ, ವೈದ್ಯರ ರೂಢಿ

1934ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಸಮೀಕ್ಷೆಯನ್ನು ಮಕ್ಕಳ ಗಂಟಲಿನ ಚರ್ಚೆಯಲ್ಲಿ ಯಾರೂ ಬಿಡುವಂತಿಲ್ಲ. ನ್ಯೂಯಾರ್ಕ್ ಶಾಲೆಗಳ ಹನ್ನೊಂದು ವಯಸ್ಸಿನ 1000 ಮಕ್ಕಳ ಬಾಯಿ ತೆರೆಸಿ ನೋಡಿದರೆ, 611 ಮಂದಿಯ ಟಾನ್ಸಿಲ್ ಆಗಲೇ ಹೋಗಿತ್ತು. ಉಳಿದ 389 ಮಕ್ಕಳಲ್ಲಿ 174 ಮಂದಿಗೆ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದಾಗ 99 ಮಂದಿಗೆ ಬೇಕಾಯಿತು. ಮಿಕ್ಕ 116 ಮಕ್ಕಳಲ್ಲಿ ಮೂರನೆಯ ಸರದಿಯವರು ಮತ್ತೆ 51 ಮಂದಿಯನ್ನು ಆರಿಸಿದರು. ಮೂರು ಸಲವೂ ಶೇ 45ರ ಆಸುಪಾಸು! ಯಾವ ಗುಂಪು ಎದುರು ಬಂದರೂ ಅದರ ಅರ್ಧಕ್ಕರ್ಧ ರೋಗಿಷ್ಠವಾಗಿ ಕಾಣುವ ರೂಢಿ ಅದು.

ಇಂಗ್ಲೆಂಡಿನ ಜೆ. ಆಲಿಸನ್ ಗ್ಲೋವರ್ 1938ರಲ್ಲಿ ಇದನ್ನೇ ಊರೂರಿನ ಅಂಕಿಗಳಲ್ಲಿ ಕಂಡರು. ಹಾರ್ನ್ಸಿಯಲ್ಲಿ ಶಾಲಾ ವೈದ್ಯಾಧಿಕಾರಿ ಬದಲಾದದ್ದೇ ತಡ, ಶಸ್ತ್ರಚಿಕಿತ್ಸೆಗಳು ಹತ್ತರಲ್ಲೊಂದು ಪಾಲಿಗೆ ಇಳಿದವು. ಊರಿನ ಮಕ್ಕಳ ಗಂಟಲೆಲ್ಲ ಒಂದೇ ವರ್ಷದಲ್ಲಿ ಸರಿಹೋಗಿರಲಾರದಷ್ಟೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಪಿಟ್ಸ್‌ಬರ್ಗ್‌ನ ಜ್ಯಾಕ್ ಪ್ಯಾರಡೈಸ್ ತಂಡದ 1978ರ ಚಿಕ್ಕ ಅಧ್ಯಯನ. ಮನೆಯವರ ಮಾತಿನಂತೆ ಪದೇಪದೇ ಗಂಟಲುನೋವು ಬರುತ್ತಿದ್ದ, ಆದರೆ ಪೂರ್ತಿ ದಾಖಲೆಯಿಲ್ಲದ 65 ಮಕ್ಕಳನ್ನು ಅವರು ಗಮನಿಸುತ್ತ ಹೋದರು. ಮೊದಲ ವರ್ಷದಲ್ಲಿ ಹೇಳಿದಷ್ಟು ನೋವು ಬಂದದ್ದು 11 ಮಕ್ಕಳಿಗೆ ಮಾತ್ರ. ಹೆತ್ತವರು ಸುಳ್ಳು ಹೇಳಿದರೆಂದಲ್ಲ; ಜ್ವರದ ಮಗುವಿನ ಪಕ್ಕ ನಿದ್ದೆಗೆಟ್ಟ ಎರಡು ರಾತ್ರಿ ನೆನಪಿನಲ್ಲಿ ಆರಾಗುತ್ತವೆ. ಅದೇ ತಂಡ 1984ರ ಪ್ರಯೋಗದಲ್ಲಿ ಬಳಸಿದ ಮಾನದಂಡ ಇಂದಿಗೂ ಚಾಲ್ತಿಯಲ್ಲಿದೆ: ಒಂದು ವರ್ಷದಲ್ಲಿ 7 ಸಲ, ಎರಡು ವರ್ಷ ತಲಾ 5, ಇಲ್ಲವೇ ಮೂರು ವರ್ಷ ತಲಾ 3. ಪ್ರತಿ ಸಲದ್ದೂ ಬರಹದಲ್ಲಿರಬೇಕು. ಹಳೆಯ ಚೀಟಿಗಳು ಮನೆಯಲ್ಲೇ ಉಳಿಯುವ ನಮ್ಮ ಹೊರರೋಗಿ ವಿಭಾಗಗಳಲ್ಲಿ ಈ ಷರತ್ತೇ ಮೊದಲು ಸಡಿಲಾಗುತ್ತದೆ.

ಈಗ ಗಂಟಲುನೋವಿಗಿಂತ ಗೊರಕೆ, ನಿದ್ದೆಯಲ್ಲಿ ಉಸಿರುಕಟ್ಟುವಿಕೆಯೇ ದೊಡ್ಡ ಕಾರಣ. 2013ರ ಅಮೆರಿಕನ್ ಪ್ರಯೋಗವೊಂದರಲ್ಲಿ 5ರಿಂದ 9 ವಯಸ್ಸಿನ 464 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರು, ಇನ್ನೊಂದನ್ನು ಕಾದು ನೋಡಿದರು. ಏಳು ತಿಂಗಳಲ್ಲಿ ನಿದ್ರಾಪರೀಕ್ಷೆ ಸಹಜಕ್ಕೆ ಬಂದದ್ದು ಮೊದಲ ಗುಂಪಿನ ಶೇ 79 ಮಕ್ಕಳಲ್ಲಿ; ಕಾದವರಲ್ಲೂ ಶೇ 46. ಏಕಾಗ್ರತೆಯ ಪರೀಕ್ಷೆಯಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ನಡವಳಿಕೆ ಸುಧಾರಿಸಿತೆಂದು ಹೆತ್ತವರು ಹೇಳಿದರು. ತಮ್ಮ ಮಗು ಯಾವ ಗುಂಪಿನಲ್ಲಿತ್ತೆಂಬುದು ಅವರಿಗೆ ಗೊತ್ತಿತ್ತು.