ಯುದ್ಧಭೂಮಿಯ ಹೆಸರು ಹೊತ್ತ ಮೇಷ್ಟ್ರು: ಎರ್ದಾಲ್ ಇನೋನು

ತುರ್ಕಿ ದೇಶವೆಂದರೆ ಶಾಲೆಯಲ್ಲಿ ಚರಿತ್ರೆ ಓದಿದ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಎರಡೇ: ಖಿಲಾಫತ್ ಚಳವಳಿ ಮತ್ತು ಮುಸ್ತಫಾ ಕೆಮಾಲ್ ಪಾಷಾ. ಕೆಮಾಲರ ಬಲಗೈಯಂತಿದ್ದ ಇಸ್ಮೆತ್ ಪಾಷಾರ ಹೆಸರು ನಮ್ಮ ಕಿವಿಗೆ ಬಿದ್ದಿರುವುದು ಕಡಿಮೆ. 1921ರಲ್ಲಿ ಇನೋನು ಎಂಬ ಊರಿನ ಬಳಿ ಗ್ರೀಕರ ಸೈನ್ಯವನ್ನು ಎರಡು ಸಲ ತಡೆದು ನಿಲ್ಲಿಸಿದ ಸೇನಾನಿ ಅವರು. 1923ರಲ್ಲಿ ಲೌಸಾನ್ ಒಪ್ಪಂದಕ್ಕೆ ತುರ್ಕಿಯ ಪರವಾಗಿ ರುಜು ಹಾಕಿದವರೂ ಅವರೇ. ಗಣರಾಜ್ಯದ ಮೊದಲ ಪ್ರಧಾನಿಯಾದರು, 1938ರಲ್ಲಿ ಎರಡನೆಯ ಅಧ್ಯಕ್ಷರಾದರು. ಪ್ರತಿಯೊಬ್ಬರೂ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು 1934ರಲ್ಲಿ ಕಾನೂನು ಬಂದಾಗ, ಕೆಮಾಲರು ಆ ಯುದ್ಧ ನಡೆದ ಊರಿನ ಹೆಸರನ್ನೇ ಅವರಿಗೆ ಕೊಟ್ಟರು. ಹುಟ್ಟಿದೂರನ್ನು ಇನಿಷಿಯಲ್ಲಾಗಿ ಹೊತ್ತುಕೊಂಡು ಪರಊರುಗಳಲ್ಲಿ ತಿರುಗುವ ನಮಗೆ ಇದು ವಿಚಿತ್ರವೆನಿಸಲಾರದು.

ನಾನು ಹೇಳಹೊರಟಿರುವುದು ಆ ಇಸ್ಮೆತ್ ಇನೋನು ಅವರ ಮಗ ಎರ್ದಾಲ್ ಇನೋನು ಅವರ ವಿಷಯ. 1926ರ ಜೂನ್ 6ರಂದು ಅಂಕಾರಾದಲ್ಲಿ ಹುಟ್ಟಿದ ಈ ಹುಡುಗನಿಗೆ ಹನ್ನೆರಡು ವರ್ಷವಾದಾಗ ತಂದೆ ರಾಷ್ಟ್ರಾಧ್ಯಕ್ಷರು. ಅಂಥ ಮನೆಯ ಮಕ್ಕಳು ಸಾಮಾನ್ಯವಾಗಿ ಏನಾಗುತ್ತಾರೆಂದು ನಾವು ನಮ್ಮ ದೇಶದಲ್ಲೇ ಬೇಕಾದಷ್ಟು ಕಂಡಿದ್ದೇವೆ. ಎರ್ದಾಲ್ ಮಾತ್ರ ಭೌತಶಾಸ್ತ್ರ ಹಿಡಿದರು. 1947ರಲ್ಲಿ ಅಂಕಾರಾ ವಿಶ್ವವಿದ್ಯಾಲಯದ ಪದವಿ ಪಡೆದು ಅಮೆರಿಕಕ್ಕೆ ಹೋದರು. 1951ರಲ್ಲಿ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಿಂದ ಡಾಕ್ಟರೇಟ್ ಪಡೆದರು. ಅವರು ಅಲ್ಲಿ ಓದುತ್ತಿದ್ದಾಗಲೇ, 1950ರ ಚುನಾವಣೆಯಲ್ಲಿ ತಂದೆಯ ಪಕ್ಷ ಸೋತಿತು. ಸೈನ್ಯ ತನ್ನ ಮಾತು ಕೇಳುತ್ತದೆಂದು ಗೊತ್ತಿದ್ದೂ ಇಸ್ಮೆತ್ ಪಾಷಾ ಗದ್ದಲವಿಲ್ಲದೆ ಕುರ್ಚಿ ಬಿಟ್ಟು ಎದ್ದರು. ತುರ್ಕಿಯ ಚರಿತ್ರೆಯಲ್ಲಿ ಇದು ಇನೋನು ಯುದ್ಧಕ್ಕಿಂತ ದೊಡ್ಡ ಘಟನೆಯೆಂದು ನನ್ನ ಅಭಿಪ್ರಾಯ.

ಮುಂದೆ ಪ್ರಿನ್ಸ್‌ಟನ್ನಿನಲ್ಲಿ ಎರ್ದಾಲರಿಗೆ ಯೂಜೀನ್ ವಿಗ್ನರ್ ಅವರ ಸಹವಾಸ ದೊರೆಯಿತು. ಇಬ್ಬರೂ ಸೇರಿ 1953ರಲ್ಲಿ ಪ್ರಕಟಿಸಿದ ಒಂದು ಲೇಖನ ಇಂದಿಗೂ ‘ಇನೋನು-ವಿಗ್ನರ್ ಸಂಕೋಚನ’ ಎಂಬ ಹೆಸರಿನಲ್ಲಿ ಪಠ್ಯಪುಸ್ತಕಗಳಲ್ಲಿದೆ. ಬಿ.ಎಸ್‌ಸಿ. ಮುಗಿಸಿ ಫೈಲು ಹಿಡಿದ ನನ್ನಂಥವನಿಗೆ ಅದರ ಗಣಿತ ಪೂರ್ತಿ ದಕ್ಕುವಂಥದಲ್ಲ. ಆದರೆ ಅದರ ತಿರುಳನ್ನು ಹೇಳಬಹುದು. ಸೈಟು ಅಳೆಯಲು ಬರುವ ಸರ್ವೇಯರು ಭೂಮಿ ದುಂಡಗಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೋಳ ಬಹಳ ದೊಡ್ಡದು, ಸೈಟು ಬಹಳ ಚಿಕ್ಕದು. ಹಾಗಾಗಿ ಗೋಳದ ಮೇಲಿನ ತಿರುಗುವಿಕೆ ಅಲ್ಲಿ ಚಪ್ಪಟೆ ನೆಲದ ಮೇಲಿನ ಸರಿಯುವಿಕೆಯಂತೆಯೇ ಕಾಣುತ್ತದೆ. ಅದೇ ರೀತಿ, ಬೆಳಕಿನ ವೇಗ ಅಪಾರವೆಂದು ಭಾವಿಸಿದರೆ ಐನ್‌ಸ್ಟೈನರ ನಿಯಮಗಳ ಸಮೂಹ ಗೆಲಿಲಿಯೋವಿನ ಹಳೆಯ ನಿಯಮಗಳ ಸಮೂಹಕ್ಕೆ ಇಳಿಯುತ್ತದೆ. ಹೊಸ ವಿಜ್ಞಾನದ ಹೊಟ್ಟೆಯಲ್ಲಿ ಹಳೆಯದು ಹೇಗೆ ಅಡಗಿದೆಯೆಂಬುದನ್ನು ಗಣಿತದ ಶಿಸ್ತಿನಿಂದ ತೋರಿಸಿದ ಕೆಲಸ ಅದು. ಆಗ ಅವರಿಗೆ ಇಪ್ಪತ್ತೇಳು ವರ್ಷ. ವಿಗ್ನರ್ ಅವರಿಗೆ ನೊಬೆಲ್ ಬಂದದ್ದು ಹತ್ತು ವರ್ಷಗಳ ನಂತರ, 1963ರಲ್ಲಿ.

ಅಮೆರಿಕದಲ್ಲೇ ಉಳಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಎರ್ದಾಲ್ ಊರಿಗೆ ಮರಳಿ ಅಂಕಾರಾದಲ್ಲಿ ಪಾಠ ಹೇಳಿದರು. 1962ರಲ್ಲಿ ಇಸ್ತಾಂಬುಲ್‌ನಲ್ಲಿ ಫೆಜಾ ಗುರ್ಸೆ ಮೊದಲಾದವರ ಜೊತೆ ನಡೆಸಿದ ಬೇಸಿಗೆ ಶಿಬಿರಕ್ಕೆ ವಿಗ್ನರ್ ಅವರೇ ಬಂದು ಉಪನ್ಯಾಸ ಕೊಟ್ಟರು. 1964ರಿಂದ ಮಧ್ಯಪ್ರಾಚ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರು, ಡೀನ್, ವಿದ್ಯಾರ್ಥಿ ಗಲಭೆಗಳು ಉರಿಯುತ್ತಿದ್ದ 1970-71ರಲ್ಲಿ ರೆಕ್ಟರ್. ನಂತರ ಇಸ್ತಾಂಬುಲ್‌ನ ಬೊಗಾಜಿಚಿ ವಿಶ್ವವಿದ್ಯಾಲಯ. 1973ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡಾಗಲೂ ಮಗ ರಾಜಕೀಯದ ಹೊಸಿಲು ತುಳಿದಿರಲಿಲ್ಲ.

ತುಳಿಯುವಂತೆ ಮಾಡಿದ್ದು ಸೈನ್ಯ. 1980ರ ಸೆಪ್ಟೆಂಬರ್ 12ರಂದು ಜನರಲ್ ಕೆನಾನ್ ಎವ್ರೆನ್ ಅಧಿಕಾರ ಕಿತ್ತುಕೊಂಡರು. ಮರುವರ್ಷ ಹಳೆಯ ಪಕ್ಷಗಳನ್ನೆಲ್ಲ ಮುಚ್ಚಿದರು. ಕೆಮಾಲರು ಕಟ್ಟಿ ಇಸ್ಮೆತ್ ಪಾಷಾ ದಶಕಗಳ ಕಾಲ ನಡೆಸಿದ ಪಕ್ಷವೂ ಅದರಲ್ಲಿ ಸೇರಿತ್ತು. ಹಳೆಯ ನಾಯಕರಾದ ದೆಮಿರೆಲ್, ಎಜೆವಿತ್ ಮುಂತಾದವರಿಗೆ ನಿಷೇಧ. (ಈ ಎಜೆವಿತ್, ಠಾಕೂರರ ಗೀತಾಂಜಲಿಯನ್ನು ತುರ್ಕಿ ಭಾಷೆಗೆ ತಂದವರು, ಇಸ್ಮೆತ್ ಪಾಷಾರನ್ನು 1972ರಲ್ಲಿ ಪಕ್ಷದ ಗದ್ದುಗೆಯಿಂದ ಇಳಿಸಿದವರೂ ಅವರೇ.) ಹೀಗಾಗಿ ಸಮಾಜವಾದಿ ಒಲವಿನವರಿಗೆ ಬೇಕಾಗಿದ್ದುದು ಹಳೆಯ ರಾಜಕಾರಣಿಯಲ್ಲದ, ಆದರೆ ಜನರಿಗೆ ಪರಿಚಿತವಾದ ಒಂದು ಮುಖ. ಮೇಷ್ಟ್ರ ಮನೆಯ ಬಾಗಿಲು ತಟ್ಟಿದರು. ತಮ್ಮ ಐವತ್ತೇಳನೆಯ ಹುಟ್ಟುಹಬ್ಬದ ದಿನ, 1983ರ ಜೂನ್ 6ರಂದು, ಅವರು ‘ಸೊದೆಪ್’ ಎಂಬ ಪಕ್ಷದ ಸ್ಥಾಪಕರಾದರು. ಸೇನಾಧಿಕಾರಿಗಳು ಅವರ ಹೆಸರನ್ನೇ ಹೊಡೆದುಹಾಕಿದರು. ಆ ನವೆಂಬರಿನ ಚುನಾವಣೆಗೆ ಪಕ್ಷ ನಿಲ್ಲಲಾಗಲಿಲ್ಲ. ದೇಶ ಕಟ್ಟಿದ ಸೇನಾನಿಯ ಮಗನನ್ನು ಅದೇ ಸೈನ್ಯ ಅನರ್ಹನೆಂದದ್ದು! ಆದರೂ 1984ರ ಮಾರ್ಚ್‌ನ ಸ್ಥಳೀಯ ಚುನಾವಣೆಯಲ್ಲಿ ಸೊದೆಪ್ ಶೇಕಡಾ 23ರಷ್ಟು ಮತ ಪಡೆದು ಎರಡನೆಯ ಸ್ಥಾನಕ್ಕೆ ಬಂತು.

1985ರಲ್ಲಿ ಇನ್ನೊಂದು ಪಕ್ಷದೊಡನೆ ವಿಲೀನ, 1986ರಲ್ಲಿ ಅಧ್ಯಕ್ಷತೆ, ಅದೇ ವರ್ಷ ಇಜ್ಮಿರ್‌ನಿಂದ ಪಾರ್ಲಿಮೆಂಟು. 1989ರ ಸ್ಥಳೀಯ ಚುನಾವಣೆಯಲ್ಲಿ ಅವರ ಪಕ್ಷ ದೇಶದಲ್ಲೇ ಮೊದಲನೆಯದಾಗಿ ಇಸ್ತಾಂಬುಲ್, ಅಂಕಾರಾ, ಇಜ್ಮಿರ್ ಮೂರನ್ನೂ ಗೆದ್ದಿತು. ಸಭೆಯಲ್ಲಿ ಗುಡುಗುವ ಕಂಠ ಅವರದಲ್ಲ. ತರಗತಿಯಲ್ಲಿ ಮಾತಾಡುವಂತೆ ಮೆಲ್ಲಗೆ, ನಡುನಡುವೆ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತ ಮಾತಾಡುತ್ತಿದ್ದರು. ಜನ ಅದನ್ನೇ ಇಷ್ಟಪಟ್ಟರು.

ಆದರೆ ಮೆಲುದನಿಗೆ ನಿಲುಕದ ಸಂಗತಿಗಳೂ ಇದ್ದವು. 1989ರಲ್ಲಿ ಪ್ಯಾರಿಸ್ಸಿನ ಕುರ್ದ್ ಸಮ್ಮೇಳನಕ್ಕೆ ಹೋದರೆಂದು ಏಳು ಸಂಸದರನ್ನು ಪಕ್ಷ ಹೊರಗೆ ಹಾಕಿತು. ಎರಡೇ ವರ್ಷದಲ್ಲಿ, 1991ರ ಚುನಾವಣೆಗೆ, ಆ ಕುರ್ದ್ ಗುಂಪಿನವರನ್ನೇ ತನ್ನ ಪಟ್ಟಿಯಲ್ಲಿ ನಿಲ್ಲಿಸಿತು. ಮೊದಲನೆಯದು ಅಂಜಿಕೆಯಿಂದ ಆದ ತಪ್ಪು. ಎರಡನೆಯದು ತಿದ್ದುಪಡಿ ಎನ್ನಬಹುದು, ಆದರೆ ತಡವಾಗಿತ್ತು. ಚುನಾವಣೆಯ ನಂತರ ದೆಮಿರೆಲ್ ಪ್ರಧಾನಿ, ಇನೋನು ಉಪಪ್ರಧಾನಿ. ಎಡ-ಬಲಗಳು ಕೂಡಿ ನಡೆಸಿದ ಆ ಸರಕಾರಕ್ಕೆ ಅವರ ತಾಳ್ಮೆಯೇ ಆಧಾರವಾಗಿತ್ತು. 1993ರಲ್ಲಿ ಅಧ್ಯಕ್ಷ ಓಜಾಲ್ ತೀರಿಕೊಂಡು ದೆಮಿರೆಲ್ ಆ ಸ್ಥಾನಕ್ಕೆ ಹೋದಾಗ, ಮೇ 16ರಿಂದ ಜೂನ್ 25ರ ವರೆಗೆ ನಮ್ಮ ಮೇಷ್ಟ್ರು ಹಂಗಾಮಿ ಪ್ರಧಾನಿ. ಅವರ ನಂತರ ಪ್ರಧಾನಿಯಾದ ತಾನ್ಸು ಚಿಲ್ಲರ್ ಕೂಡ ಬೊಗಾಜಿಚಿಯ ಪ್ರೊಫೆಸರೇ, ಅರ್ಥಶಾಸ್ತ್ರದವರು.

ಅದಾಗಿ ಒಂದು ವಾರಕ್ಕೆ, ಜುಲೈ 2ರಂದು, ಸಿವಾಸ್ ಪಟ್ಟಣದಲ್ಲಿ ಅಲೆವಿ ಪಂಥದವರ ಸಾಂಸ್ಕೃತಿಕ ಉತ್ಸವಕ್ಕೆ ಬಂದಿದ್ದ ಕವಿಗಳು, ಗಾಯಕರು ಇಳಿದಿದ್ದ ಮದಿಮಾಕ್ ಹೋಟೆಲನ್ನು ಮತಾಂಧರ ಗುಂಪು ಗಂಟೆಗಟ್ಟಲೆ ಸುತ್ತುವರಿದು ಬೆಂಕಿ ಹಚ್ಚಿತು. ಹೋಟೆಲಿನ ಇಬ್ಬರು ನೌಕರರೂ ಸೇರಿ 35 ಮಂದಿ ಸತ್ತರು. ಒಳಗಿನಿಂದ ಸಹಾಯ ಬೇಡಿ ರಾಜಧಾನಿಗೆ ಕರೆ ಹೋಗಿದ್ದವು. ಇನೋನು ಆಗಲೂ ಉಪಪ್ರಧಾನಿ. ಅಲೆವಿಗಳು ಅವರ ಪಕ್ಷದ ನಂಬಿಕೆಯ ಮತದಾರರು. ಸ್ವಭಾವದಲ್ಲಿ ಎಷ್ಟೇ ಒಳ್ಳೆಯವರಾದರೂ ಆ ದಿನದ ಲೆಕ್ಕದಿಂದ ಅವರ ಹೆಸರನ್ನು ತೆಗೆದಿಡಲು ಬರುವುದಿಲ್ಲ. ಸತ್ತವರ ಮನೆಯವರು ತೆಗೆದಿಡಲೂ ಇಲ್ಲ.

ಪಕ್ಷದ ಅಧ್ಯಕ್ಷತೆಗೆ ಇನ್ನು ಸ್ಪರ್ಧಿಸುವುದಿಲ್ಲವೆಂದು ಅವರು ಜೂನ್‌ನಲ್ಲೇ ಹೇಳಿದ್ದರು. ಸೆಪ್ಟೆಂಬರಿನಲ್ಲಿ ಹೇಳಿದಂತೆ ಬಿಟ್ಟರು. ಯಾರೂ ತಳ್ಳದೆ ತಾನಾಗಿ ಪಕ್ಷದ ಕುರ್ಚಿ ಬಿಡುವವರು ತುರ್ಕಿಯಲ್ಲೂ ಅಪರೂಪ. 1995ರಲ್ಲಿ ಕೆಲವು ತಿಂಗಳು ವಿದೇಶಾಂಗ ಮಂತ್ರಿಯಾಗಿದ್ದುದನ್ನು ಬಿಟ್ಟರೆ ಮತ್ತೆ ಅಧಿಕಾರದತ್ತ ಸುಳಿಯಲಿಲ್ಲ. ವಿಶ್ವವಿದ್ಯಾಲಯಕ್ಕೆ ಮರಳಿ ಪಾಠ ಹೇಳಿದರು, ತುರ್ಕಿಯ ವಿಜ್ಞಾನದ ಚರಿತ್ರೆ ಬರೆದರು, ಆತ್ಮಕಥೆ ಬರೆದರು. 2004ರಲ್ಲಿ ಅವರಿಗೆ ವಿಗ್ನರ್ ಪದಕ ಬಂತು. ಐವತ್ತು ವರ್ಷ ಹಿಂದಿನ ಆ ಲೇಖನವನ್ನು ಜಗತ್ತು ಮರೆತಿರಲಿಲ್ಲ.

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತ 2007ರ ಅಕ್ಟೋಬರ್ 31ರಂದು ಅಮೆರಿಕದ ಹ್ಯೂಸ್ಟನ್ನಿನಲ್ಲಿ ತೀರಿಕೊಂಡರು. ತಂದೆಯ ಸಮಾಧಿ ಅಂಕಾರಾದಲ್ಲಿ ಅತಾತುರ್ಕ್ ಸ್ಮಾರಕದ ಆವರಣದಲ್ಲಿದೆ. ಮಗನದು ಇಸ್ತಾಂಬುಲ್‌ನ ಜಿಂಜಿರ್ಲಿಕುಯು ಸ್ಮಶಾನದಲ್ಲಿ, ಊರಿನ ಉಳಿದವರ ನಡುವೆ.