ಮನು ಮತ್ತು ನೋಹ: ಪ್ರಳಯಕಥೆಗಳ ಹೋಲಿಕೆ ನಡೆದುಬಂದ ದಾರಿ

ಲೋಕವೆಲ್ಲ ನೀರಿನಲ್ಲಿ ಮುಳುಗಿ, ನಾವೆಯೇರಿದ ಒಬ್ಬನಿಂದ ಮನುಷ್ಯಕುಲ ಮತ್ತೆ ಚಿಗುರಿದ ಕಥೆ ವೈದಿಕ ಸಾಹಿತ್ಯದಲ್ಲಿದೆ, ಯೆಹೂದ್ಯ, ಕ್ರೈಸ್ತ, ಇಸ್ಲಾಂ ಗ್ರಂಥಗಳಲ್ಲೂ ಇದೆ. ಉಳಿದವನು ಇಲ್ಲಿ ಮನು, ಬೈಬಲಿನಲ್ಲಿ ನೋಹ, ಕುರಾನಿನಲ್ಲಿ ನೂಹ್. ಹಿಂದೂ ಮತ್ತು ಅಬ್ರಹಾಮೀಯ ಪುರಾಣಗಳನ್ನು ಹೋಲಿಸುವ ವಿದ್ವತ್ತು ಬಹುಪಾಲು ಬೆಳೆದದ್ದು ಈ ಕಥೆಯ ಸುತ್ತ. ದಾರಿ ತಪ್ಪಿದ್ದೂ ಇಲ್ಲಿಯೇ.

ಮನುವಿನ ಕಥೆಯ ಅತಿ ಹಳೆಯ ವಿಸ್ತೃತ ರೂಪ ಶತಪಥ ಬ್ರಾಹ್ಮಣದ ಮೊದಲ ಕಾಂಡದಲ್ಲಿದೆ. ಬೆಳಿಗ್ಗೆ ಕೈತೊಳೆಯಲು ತಂದ ನೀರಿನಲ್ಲಿ ಅವನ ಕೈಗೆ ಮರಿಮೀನೊಂದು ಸಿಗುತ್ತದೆ. ಸಣ್ಣ ಮೀನನ್ನು ದೊಡ್ಡ ಮೀನು ನುಂಗುತ್ತದೆ, ತನ್ನನ್ನು ಸಾಕಿದರೆ ಮುಂದೆ ಬರುವ ಮಹಾಪೂರದಿಂದ ಪಾರುಮಾಡುತ್ತೇನೆ ಎಂದು ಅದು ಮಾತು ಕೊಡುತ್ತದೆ. ಮನು ಅದನ್ನು ಮೊದಲು ಕೊಡದಲ್ಲಿ, ಆಮೇಲೆ ಗುಂಡಿಯಲ್ಲಿ ಸಾಕಿ, ಬೆಳೆದ ಮೇಲೆ ಸಮುದ್ರಕ್ಕೆ ಬಿಡುತ್ತಾನೆ. ಪೂರ ಬಂದಾಗ ನಾವೆಯ ಹಗ್ಗವನ್ನು ಮೀನಿನ ಕೊಂಬಿಗೆ ಕಟ್ಟುತ್ತಾನೆ. ಮೀನು ಅವನನ್ನು ಉತ್ತರದ ಬೆಟ್ಟಕ್ಕೆ ಮುಟ್ಟಿಸುತ್ತದೆ. ನೀರು ಇಳಿದಂತೆ ಅವನೂ ಇಳಿದುಬಂದ ಜಾಗಕ್ಕೆ ಮನುವಿನ ಇಳಿವು ಎಂಬ ಅರ್ಥದ 'ಮನೋರವಸರ್ಪಣ' ಎಂಬ ಹೆಸರೂ ಉಳಿದಿದೆ. ಬದುಕಿದವನು ಅವನೊಬ್ಬನೇ. ಸಂತಾನ ಬೇಕೆಂದು ತುಪ್ಪ, ಮೊಸರುಗಳನ್ನು ನೀರಿಗೆ ಅರ್ಪಿಸುತ್ತಾನೆ. ವರ್ಷ ತುಂಬುವುದರೊಳಗೆ ಅದರಿಂದ ಇಡೆ ಎಂಬ ಹೆಣ್ಣು ಎದ್ದುಬರುತ್ತಾಳೆ. ಯಜ್ಞದಲ್ಲಿ 'ಇಡಾ' ಎಂಬ ಹವಿರ್ಭಾಗಕ್ಕೆ ಆ ಸ್ಥಾನ ಏಕೆ ಎಂದು ಹೇಳಲೆಂದೇ ಈ ಕಥೆ ಬಂದಿದೆ. ಪೂರ ಯಾಕೆ ಬಂತು, ಯಾರ ತಪ್ಪಿಗೆ ಬಂತು ಎಂಬ ಪ್ರಶ್ನೆಯನ್ನು ಶತಪಥ ಎತ್ತುವುದೇ ಇಲ್ಲ.

ಮಹಾಭಾರತದ ವನಪರ್ವದಲ್ಲಿ ನಾವೆಗೆ ಸಪ್ತರ್ಷಿಗಳೂ ಬೀಜಗಳೂ ಸೇರುತ್ತವೆ. ಮೀನು ತಾನು ಬ್ರಹ್ಮ ಎನ್ನುತ್ತದೆ. ಮತ್ಸ್ಯಪುರಾಣದ ಹೊತ್ತಿಗೆ ಅದು ವಿಷ್ಣು. ಭಾಗವತದ ಎಂಟನೆಯ ಸ್ಕಂಧದಲ್ಲಿ ನಾಯಕನು ದ್ರವಿಡದೇಶದ ರಾಜ ಸತ್ಯವ್ರತ, ಮೀನು ಸಿಗುವುದು ಕೃತಮಾಲಾ ನದಿಯಲ್ಲಿ, ಹಗ್ಗವಾಗುವವನು ವಾಸುಕಿ.

ಬೈಬಲಿನ ಆದಿಕಾಂಡದಲ್ಲಿ ಕಾರಣ ಮೊದಲ ಮಾತಿಗೇ ಸ್ಪಷ್ಟ. ಭೂಮಿ ಹಿಂಸೆಯಿಂದ ತುಂಬಿದೆ, ದೇವರು ಮನುಷ್ಯನನ್ನು ಸೃಷ್ಟಿಸಿದ್ದಕ್ಕೆ ನೊಂದಿದ್ದಾನೆ. ನಾವೆಯ ಅಳತೆಯನ್ನೂ ಅವನೇ ಹೇಳುತ್ತಾನೆ: ಉದ್ದ 300 ಮೊಳ, ಅಗಲ 50, ಎತ್ತರ 30. ಮಳೆ 40 ದಿನ ಎಂದು ಒಂದು ಕಡೆ, ನೀರು 150 ದಿನ ನಿಂತಿತು ಎಂದು ಇನ್ನೊಂದು ಕಡೆ ಇರುವುದನ್ನು ನೋಡಿ, ಎರಡು ಹಳೆಯ ಪಾಠಗಳನ್ನು ಇಲ್ಲಿ ಹೆಣೆದಿದ್ದಾರೆಂದು ವಿದ್ವಾಂಸರು ಗುರುತಿಸಿದ್ದಾರೆ. ಕುರಾನಿನ ನೂಹ್ ಎಲ್ಲಕ್ಕಿಂತ ಮೊದಲು ಪ್ರವಾದಿ, ತನ್ನ ಜನರನ್ನು ಎಚ್ಚರಿಸಿ ಸೋತವನು. ಬೆಟ್ಟ ಹತ್ತಿ ಉಳಿಯುತ್ತೇನೆಂದು ನಾವೆಯೇರದ ಮಗ ಅವನ ಕಣ್ಣೆದುರೇ ಮುಳುಗುತ್ತಾನೆ. ತಂದೆಯ ಆ ಸಂಕಟ ಬೇರೆ ಎರಡರಲ್ಲೂ ಇಲ್ಲ. ನಾವೆ ನಿಲ್ಲುವುದು ಜೂದಿ ಬೆಟ್ಟದ ಮೇಲೆ.

ಈ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದವರಲ್ಲಿ ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ ಪ್ರಮುಖರು. ಅದಕ್ಕೂ ಸುಮಾರು ಎಂಟು ಶತಮಾನ ಹಿಂದೆ ಅಲ್ ಬಿರೂನಿ ತನ್ನ ಕಾಲಗಣನೆಯ ಗ್ರಂಥದಲ್ಲಿ, ಭಾರತೀಯರು ಆ ಮಹಾಪ್ರಳಯವನ್ನು ಒಪ್ಪುವುದಿಲ್ಲ ಎಂದೇ ಬರೆದಿದ್ದ. ಜೋನ್ಸ್ ಭಾಗವತದ ಸತ್ಯವ್ರತನನ್ನು ಓದಿ, ಇವನು ನೋಹನೇ ಎಂದು ತೀರ್ಮಾನಿಸಿದರು. ಅವರ ಲೇಖನ 1788ರಲ್ಲಿ 'ಏಷ್ಯಾಟಿಕ್ ರಿಸರ್ಚಸ್'ನ ಮೊದಲ ಸಂಪುಟದಲ್ಲಿ ಬಂತು. ಬೈಬಲಿನ ಕಾಲಗಣನೆಯ ಚೌಕಟ್ಟನ್ನು ಅವರು ಬಿಡಲಿಲ್ಲ. ಯುಗಗಳ ಲೆಕ್ಕವನ್ನೇ ಅದಕ್ಕೆ ತಕ್ಕಂತೆ ಕುಗ್ಗಿಸಿದರು. ಫ್ರಾನ್ಸಿಸ್ ವಿಲ್ಫರ್ಡ್ ಇನ್ನೂ ಮುಂದೆ ಹೋಗಿ, ನೋಹನ ಮೂವರು ಮಕ್ಕಳೂ ಸಂಸ್ಕೃತ ಪುರಾಣದಲ್ಲಿದ್ದಾರೆಂದು ಪ್ರಕಟಿಸಿದ. ಅವನು ಬಯಸಿದ್ದನ್ನು ಅವನ ಪಂಡಿತ ಹಸ್ತಪ್ರತಿಗಳಲ್ಲಿ ತಿದ್ದಿ ಸೇರಿಸಿಕೊಟ್ಟಿದ್ದ. ಮೋಸಹೋದದ್ದನ್ನು ವಿಲ್ಫರ್ಡನೇ ಮುಂದೆ ಅದೇ ಪತ್ರಿಕೆಯಲ್ಲಿ ಒಪ್ಪಿಕೊಂಡ. ತಪ್ಪು ಪಂಡಿತನೊಬ್ಬನದೇ ಅಲ್ಲ. ಉತ್ತರವನ್ನು ಮೊದಲೇ ಹಿಡಿದುಕೊಂಡು ಗ್ರಂಥ ಹುಡುಕುವವನಿಗೆ ಅಂಥ ಗ್ರಂಥವೇ ಸಿಗುತ್ತದೆ.

ಮೈಸೂರು ಸೀಮೆಯಲ್ಲಿ ಬಹುಕಾಲ ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಕೂಡ ಮನುವಿನ ಹೆಸರಿನಲ್ಲಿ ನೋಹನ ಹೆಸರನ್ನು ಕಂಡವರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಫ್ರಾನ್ಸಿನ ಬ್ಯುರ್ನೂಫ್ 1847ರಲ್ಲಿ, ಪ್ರಳಯಕಥೆ ಭಾರತಕ್ಕೆ ಹೊರಗಿನಿಂದ ಬಂದದ್ದು, ವೇದಗಳಲ್ಲಿ ಇದಿಲ್ಲ ಎಂದು ವಾದಿಸಿದರು. ಹೆಚ್ಚು ಕಾಲ ಕಳೆಯುವ ಮೊದಲೇ ಜರ್ಮನಿಯ ವೇಬರ್ ಶತಪಥದ ಪಾಠವನ್ನು ಬೆಳಕಿಗೆ ತಂದರು. ಕಥೆ ಪುರಾಣಗಳಿಗಿಂತ ಎಷ್ಟೋ ಹಳೆಯದೆಂದು ಆಗ ತಿಳಿಯಿತು. ಮ್ಯಾಕ್ಸ್ ಮುಲ್ಲರ್ ಇದು ಇಲ್ಲಿಯೇ ಹುಟ್ಟಿದ್ದಿರಬಹುದೆಂಬ ಕಡೆ ನಿಂತರು.

ವಾದದ ನೆಲವನ್ನೇ ಅಲುಗಿಸಿದ್ದು ಮೆಸೊಪೊಟೇಮಿಯ. 1872ರ ಡಿಸೆಂಬರ್ 3ರಂದು ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್, ನಿನೆವೆಯ ಮಣ್ಣಿನ ಫಲಕದಲ್ಲಿ ತಾನು ಓದಿದ ಪ್ರಳಯಕಥೆಯನ್ನು ಸಭೆಯ ಮುಂದಿಟ್ಟರು. ಗಿಲ್ಗಮೇಶ್ ಕಾವ್ಯದ ಹನ್ನೊಂದನೆಯ ಫಲಕ ಅದು. ಅಲ್ಲಿನ ಉತ್ನಪಿಷ್ಟಿಮ್ ನೋಹನಂತೆಯೇ ಹಕ್ಕಿಗಳನ್ನು ಹಾರಿಬಿಟ್ಟು ನೆಲ ಹುಡುಕುತ್ತಾನೆ, ಬೆಟ್ಟದ ಮೇಲೆ ಬಲಿ ಕೊಡುತ್ತಾನೆ. ಬೈಬಲಿನ ಕಥೆಗೆ ಬೇರು ಇದ್ದದ್ದು ಯೂಫ್ರಟೀಸ್–ಟೈಗ್ರಿಸ್ ಬಯಲಿನಲ್ಲಿ. ಇರ್ವಿಂಗ್ ಫಿಂಕೆಲ್ 2014ರಲ್ಲಿ ಪ್ರಕಟಿಸಿದ ಇನ್ನೊಂದು ಬಾಬಿಲೋನಿಯದ ಫಲಕದಲ್ಲಿ ನಾವೆ ದುಂಡಗಿದೆ: ಹಗ್ಗ ಸುತ್ತಿ ಕಟ್ಟಿ, ಕಲ್ಲರಗು ಬಳಿದದ್ದು. ತುಂಗಭದ್ರೆಯ ಹರಿಗೋಲು ಕಂಡವರಿಗೆ ಅದರ ಆಕಾರವನ್ನು ವಿವರಿಸಬೇಕಿಲ್ಲ.

ಸಿಂಧೂ ನಗರಗಳಿಗೂ ಮೆಸೊಪೊಟೇಮಿಯಕ್ಕೂ ವ್ಯಾಪಾರವಿತ್ತು, ಆದ್ದರಿಂದ ಕಥೆ ಆ ಹಡಗುಗಳಲ್ಲಿ ಬಂದಿರಬಹುದು ಎಂಬುದು ಒಂದು ಊಹೆ. ಆದರೆ ನೋಹನ ಕಥೆಯಲ್ಲಿ ಕಾಪಾಡುವ ಮೀನಿಲ್ಲ, ಮನುವಿನ ಕಥೆಯಲ್ಲಿ ಹಕ್ಕಿಗಳಿಲ್ಲ. ಇವು ಅಲಂಕಾರದ ವಿವರಗಳಲ್ಲ, ಕಥೆಯನ್ನು ನಡೆಸುವ ಕೀಲುಗಳು.

ಅದಕ್ಕಿಂತ ದೊಡ್ಡ ಅಂತರ ಕಾಲದ್ದು. ಇನ್ನೆಂದೂ ಭೂಮಿಯನ್ನು ನೀರಿನಿಂದ ಅಳಿಸುವುದಿಲ್ಲವೆಂದು ದೇವರು ನೋಹನೊಡನೆ ಒಡಂಬಡಿಕೆ ಮಾಡಿಕೊಂಡು, ಮುಗಿಲಿನಲ್ಲಿ ಬಿಲ್ಲನ್ನು ಗುರುತಾಗಿ ಇಡುತ್ತಾನೆ. ಆ ಪ್ರಳಯ ಒಮ್ಮೆ ಬಂದು ಮುಗಿದದ್ದು. ಪುರಾಣಗಳಲ್ಲಿ ಪ್ರಳಯ ಕಲ್ಪದಿಂದ ಕಲ್ಪಕ್ಕೆ ಮರಳುತ್ತದೆ. ಬ್ರಹ್ಮನ ರಾತ್ರಿ ಅದು, ಯಾರಿಗೂ ಶಿಕ್ಷೆಯಲ್ಲ. ಶತಪಥದ ಪೂರ ಈ ಎರಡರ ಹೊರಗೂ ನಿಲ್ಲುತ್ತದೆ: ಅದಕ್ಕೆ ಪಾಪದ ಕಾರಣವಿಲ್ಲ, ಕಲ್ಪದ ಲೆಕ್ಕವೂ ಇಲ್ಲ. ಜೋನ್ಸ್ ಹೋಲಿಸಿದ್ದು ಭಾಗವತದ ಪಾಠವನ್ನು, ಅಂದರೆ ನಾಲ್ಕರಲ್ಲಿ ಈಚಿನದನ್ನು. ಮನುವನ್ನೂ ನೋಹನನ್ನೂ ಹೋಲಿಸಬೇಕೆನ್ನುವವರು ಮೊದಲು ಶತಪಥವನ್ನು ಓದಬೇಕು. ಅದನ್ನು ಮೆಸೊಪೊಟೇಮಿಯದ ಫಲಕಗಳಿಗೆ ನೇರವಾಗಿ ಬೆಸೆಯುವ ಲಿಖಿತ ಪುರಾವೆ ಇದುವರೆಗೆ ಒಂದೂ ಸಿಕ್ಕಿಲ್ಲ.