ಊದದ ಸ್ನಾಯು, ಜಾರುವ ಎಳೆ

ನಮ್ಮ ಮೂಳೆಗಳನ್ನು ಆಡಿಸುವ 600ಕ್ಕೂ ಹೆಚ್ಚು ಸ್ನಾಯುಗಳಿಗೆ ಬರುವುದು ಒಂದೇ ವಿದ್ಯೆ, ಎಳೆಯುವುದು. ತಳ್ಳುವುದು ಯಾವುದಕ್ಕೂ ಬಾರದು. ಹಾಗಾಗಿಯೇ ಮೊಣಕೈ ಮಡಿಸಲು ತೋಳಿನ ಮುಂದೊಂದು ಗುಂಪು, ಚಾಚಲು ಹಿಂದೆ ಟ್ರೈಸೆಪ್ಸ್. ಹೈಸ್ಕೂಲಿನ ಪುಸ್ತಕದಲ್ಲೂ ಇಷ್ಟು ಸಿಗುತ್ತದೆ. ಆದರೆ ಎಳೆಯುವಾಗ ಸ್ನಾಯುವಿನ ಒಳಗೆ ನಡೆಯುವುದೇನು? ಇದಕ್ಕೆ ಒಪ್ಪುವಂಥ ಉತ್ತರ ಸಿಕ್ಕಿದ್ದು 1954ರಲ್ಲಿ.

ಮೊದಲು ನಡೆದದ್ದು ಎಣಿಕೆ. ಸುಶ್ರುತ ಸಂಹಿತೆಯ ಲೆಕ್ಕ 500 ಪೇಶಿಗಳು. ಶವವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಲಾವಂಚದ ಬೇರು, ಕೂದಲು, ಬಿದಿರಿನ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕೆಂದು ಆ ಗ್ರಂಥ ಹೇಳುತ್ತದೆ. ರೋಮನ್ ಕಾಲದ ವೈದ್ಯ ಗೇಲನ್ ಗ್ಲಾಡಿಯೇಟರ್‌ಗಳ ಗಾಯಗಳಿಗೆ ಚಿಕಿತ್ಸೆ ಮಾಡಿದವನು. ಆದರೆ ಅವನು ಕೊಯ್ದು ನೋಡಿದ್ದು ಹೆಚ್ಚಾಗಿ ಕೋತಿಗಳನ್ನು. ಅವನ ತಪ್ಪುಗಳನ್ನು ಮನುಷ್ಯರ ಶವಗಳನ್ನೇ ಬಿಡಿಸಿ ತಿದ್ದಿದವನು ವೆಸೇಲಿಯಸ್. 1543ರ ಅವನ ಪುಸ್ತಕದಲ್ಲಿ ಚರ್ಮ ಸುಲಿದ ಆಳುಗಳು ಬಯಲಲ್ಲಿ ನಿಂತು ತಮ್ಮ ಸ್ನಾಯುಗಳನ್ನು ತೋರಿಸುತ್ತಾರೆ. ಎಲ್ಲಿ ಏನಿದೆ ಎಂಬುದು ಅಲ್ಲಿಗೆ ಬಹುಮಟ್ಟಿಗೆ ಇತ್ಯರ್ಥವಾಯಿತು. ಹೇಗೆ ಎಂಬ ಪ್ರಶ್ನೆಗೆ ಮಾತ್ರ ಗೇಲನ್ ಪರಂಪರೆಯ ಉತ್ತರವೇ ಉಳಿಯಿತು: ಮಿದುಳಿನಿಂದ ನರಗಳ ಮೂಲಕ ಯಾವುದೋ ಸೂಕ್ಷ್ಮ ದ್ರವ್ಯ ಇಳಿದು ಬರುತ್ತದೆ, ಅದು ತುಂಬಿ ಸ್ನಾಯು ಊದಿಕೊಳ್ಳುತ್ತದೆ.

ಈ ನಂಬಿಕೆಗೆ ಪೆಟ್ಟು ಕೊಟ್ಟದ್ದು ಒಂದು ಹನಿ ನೀರು. 1660ರ ದಶಕದಲ್ಲಿ ಹಾಲೆಂಡಿನ ಯಾನ್ ಸ್ವಾಮರ್‌ಡಾಮ್ ಕಪ್ಪೆಯ ಸ್ನಾಯುವನ್ನು ಗಾಜಿನ ನಳಿಗೆಯಲ್ಲಿಟ್ಟು, ಅದರ ಸಣ್ಣ ಬಾಯಿಯಲ್ಲಿ ನೀರಿನ ಹನಿ ನಿಲ್ಲಿಸಿ, ನರವನ್ನು ಕೆಣಕಿದ. ಸ್ನಾಯು ಊದುವುದಾದರೆ ಹನಿ ಮೇಲೇರಬೇಕಿತ್ತು. ಏರಲಿಲ್ಲ. ತೋಳಿನ ಮುಂದಿನ ಬೈಸೆಪ್ಸ್ ಉಬ್ಬಿದಂತೆ ಕಾಣುವುದು ಅದು ಗಿಡ್ಡಗಾಗಿ ದಪ್ಪವಾಗುವುದರಿಂದ. ಒಳಗೆ ಹೊಸದೇನೂ ಸೇರುವುದಿಲ್ಲ. ಸ್ನಾಯುವನ್ನು ಅರಿಯುವ ವಿದ್ಯೆಯ ನಿಜವಾದ ತಿರುವು ವೆಸೇಲಿಯಸನ ಭವ್ಯ ಚಿತ್ರಗಳಿಗಿಂತ ಈ ಹನಿಯಲ್ಲಿದೆ ಎಂದೇ ನನ್ನ ಎಣಿಕೆ. ಆದರೆ ಈ ಪ್ರಯೋಗದ ವಿವರ ಅಚ್ಚಾದದ್ದು ಅವನು ಸತ್ತು ಅರ್ಧ ಶತಮಾನ ಕಳೆದ ಮೇಲೆ!

ಇತ್ತ ಇಟಲಿಯ ಬೊರೆಲ್ಲಿ ದೇಹವನ್ನು ಯಂತ್ರದಂತೆ ಕಂಡ. 1680ರಲ್ಲಿ ಹೊರಬಂದ ಅವನ ಪುಸ್ತಕದ ಮುಖ್ಯ ಮಾತು, ಸ್ನಾಯುಗಳು ಕೀಲಿನ ತೀರಾ ಹತ್ತಿರ ಅಂಟಿರುವುದರಿಂದ ಹೊರುವ ಭಾರಕ್ಕಿಂತ ಬಹಳ ಹೆಚ್ಚು ಬಲ ಹಾಕಬೇಕು ಎಂಬುದು. ಬೈಸೆಪ್ಸ್ ಅಂಟುವುದು ಮೊಣಕೈಯಿಂದ ಸುಮಾರು 4–5 ಸೆಂ.ಮೀ. ದೂರದಲ್ಲಿ, ಕೈಯ ಚೀಲ ತೂಗುವುದು 30 ಸೆಂ.ಮೀ.ಗೂ ಆಚೆ. ಐದು ಕಿಲೋ ಅಕ್ಕಿಗೆ ಆರೇಳು ಪಟ್ಟು ಎಳೆತ ಬೇಕು. ಬಲದಲ್ಲಿ ನಷ್ಟ, ವೇಗದಲ್ಲಿ ಲಾಭ.

ವಿದ್ಯುತ್ ತಗುಲಿದಾಗ ಸೆಟೆದ ಗಾಲ್ವಾನಿಯ ಕಪ್ಪೆಕಾಲು 1791ರಲ್ಲಿ ಈ ಕಥೆಗೆ ವಿದ್ಯುತ್ತನ್ನು ತಂದಿತು. ಅದನ್ನು ಜೀವಂತ ಮನುಷ್ಯರ ಮೇಲೆ ಬಳಸಿ ಒಂದೊಂದೇ ಸ್ನಾಯುವನ್ನು ಕೆರಳಿಸಿ ನೋಡಿದವನು ಪ್ಯಾರಿಸಿನ ಡುಶೆನ್. ಸಹಜ ಚಲನೆಯಲ್ಲಿ ಯಾವ ಸ್ನಾಯುವೂ ಒಂಟಿಯಾಗಿ ದುಡಿಯುವುದಿಲ್ಲ ಎಂದು 1867ರಲ್ಲಿ ಅವನು ಬರೆದ. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಪ್ಪತ್ತನೇ ಶತಮಾನದ ಎಲೆಕ್ಟ್ರೋಮಯೋಗ್ರಫಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಮೊಣಕೈ ಮಡಿಸುವ ಖಾಯಂ ಆಳು ಬೈಸೆಪ್ಸ್ ಅಡಿಯ ಬ್ರೇಕಿಯಾಲಿಸ್. ಬೈಸೆಪ್ಸ್‌ಗೆ ಅಂಗೈ ತಿರುಗಿಸುವ ಕೆಲಸವೂ ಇದೆ. ಬಲಗೈಯನ್ನು ಲಂಬಕೋನದಲ್ಲಿ ಮಡಿಸಿ, ಎಡಗೈಯಿಂದ ಬೈಸೆಪ್ಸ್ ಹಿಡಿದು, ಕೆಳಮುಖವಾದ ಅಂಗೈಯನ್ನು ಮೇಲಕ್ಕೆ ತಿರುಗಿಸಿ ನೋಡಿ, ಅದು ಪುಟಿದೇಳುತ್ತದೆ. ಬಡಗಿ ಸ್ಕ್ರೂ ಬಿಗಿಯುವುದು ಈ ಬಲದಿಂದಲೇ.

ಸ್ನಾಯುವಿನ ಒಳಗೆ ನಡೆಯುವುದೇನು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. 1954ರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಒಂದೆಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದೆಡೆ, ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಒಂದೇ ಮಾತು ಹೇಳಿದರು. (ಹಕ್ಸ್‌ಲಿಗಳಿಬ್ಬರೂ ನೆಂಟರಲ್ಲ.) ಸ್ನಾಯು ಕುಗ್ಗುವಾಗ ಅದರ ಎಳೆಗಳು ಗಿಡ್ಡವಾಗುವುದಿಲ್ಲ, ಮಯೋಸಿನ್ ಎಂಬ ಪ್ರೋಟೀನಿನ ದಪ್ಪ ಎಳೆಗಳ ನಡುವೆ ಇನ್ನೊಂದು ಪ್ರೋಟೀನಾದ ಆ್ಯಕ್ಟಿನ್ನಿನ ತೆಳು ಎಳೆಗಳು ಜಾರುತ್ತವೆ.

ಕುಗ್ಗುವುದೇನೋ ಇದರಿಂದ ತಿಳಿಯಿತು. ಹಿಗ್ಗುತ್ತಲೇ ಭಾರ ತಡೆಯುವುದು ಇನ್ನೂ ಗೋಜಲು. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗ ಮಾಡುವುದು ಇದನ್ನೇ. ಹತ್ತುವುದಕ್ಕಿಂತ ಇಳಿದ ಮರುದಿನವೇ ನೋವು ಜಾಸ್ತಿ. ಹೀಗೆ ಹಿಗ್ಗುವಾಗ ಸ್ನಾಯು ಕೊಡುವ ಹೆಚ್ಚುವರಿ ಬಲವನ್ನು ಜಾರುವ ಎಳೆಗಳಷ್ಟೇ ಪೂರ್ತಿ ವಿವರಿಸಲಾರವು. 1970ರ ದಶಕದಲ್ಲಿ ಪತ್ತೆಯಾದ, ಸ್ಪ್ರಿಂಗಿನಂತೆ ವರ್ತಿಸುವ ಟೈಟಿನ್ ಎಂಬ ದೈತ್ಯ ಪ್ರೋಟೀನಿನ ಪಾಲು ಅದರಲ್ಲಿ ಎಷ್ಟು ಎಂಬ ವಾದ ಪ್ರಯೋಗಾಲಯಗಳಲ್ಲಿ ಈಗಲೂ ನಡೆದಿದೆ.